ಸ್ಪರ್ಶವೂ ಅಭಯವೂ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಶಿರಾಳಕೊಪ್ಪದ ಸಮೀಪದ ಈ ಊರು ಇಂದು ಒಂದು ಹಳ್ಳಿ. ಒಂದು ಕಾಲಕ್ಕೆ ಬನವಾಸಿ ನಾಡಿನ ರಾಜಧಾನಿ, ಅಲ್ಲಮಪ್ರಭುವಿನ ಊರೆಂದು ಹೆಸರಾದ ಸ್ಥಳ. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕಾಳಾಮುಖ ಶೈವರ ಕೋಡಿಯ ಮಠ ಹನ್ನೆರಡನೆಯ ಶತಮಾನದಲ್ಲಿ ದೊಡ್ಡ ವಿದ್ಯಾಸ್ಥಾನವಾಗಿತ್ತು. ಕಲಚುರಿ ಬಿಜ್ಜಳನ ಕಾಲದ, ೧೧೬೨ರ ಒಂದು ಶಾಸನ ಆ ಮಠದಲ್ಲಿ ನಡೆಯುತ್ತಿದ್ದುದರ ಪಟ್ಟಿಯನ್ನೇ ಕೊಡುತ್ತದೆ. ನಾಲ್ಕು ವೇದಗಳು, ವ್ಯಾಕರಣಗಳು, ಷಡ್ದರ್ಶನಗಳು, ಯೋಗಶಾಸ್ತ್ರ, ಪುರಾಣಗಳು, ಕಾವ್ಯ, ನಾಟಕ ಇವುಗಳಿಗೆ ಅದು ಪಾಠಶಾಲೆ. ದೀನರು, ಕುಂಟರು, ಕುರುಡರು, ಕಿವುಡರು ಇವರಿಗೆ ಅನ್ನದ ಮನೆ. ಅನಾಥ ರೋಗಿಗಳಿಗೆ ಔಷಧೋಪಚಾರದ ಸ್ಥಾನ. ಇಷ್ಟನ್ನು ಹೇಳಿ ಶಾಸನ ಇನ್ನೊಂದು ಮಾತನ್ನು ಸೇರಿಸುತ್ತದೆ: ಅದು ಸಕಲ ಪ್ರಾಣಿಗಳಿಗೂ ಅಭಯವನ್ನು ಕೊಡುವ ಸ್ಥಾನ.

ಔಷಧ ಮತ್ತು ಅಭಯ, ಈ ಎರಡು ಮಾತುಗಳೂ ಒಂದೇ ಪಟ್ಟಿಯಲ್ಲಿ ಬಂದಿರುವುದನ್ನು ಗಮನಿಸಿ. ಶಾಸನಕಾರ ಧರ್ಮದ ದೃಷ್ಟಿಯಿಂದ ಬರೆದವನು. ಶರೀರಶಾಸ್ತ್ರ ಹೇಳುವುದು ಅವನ ಉದ್ದೇಶವಲ್ಲ. ಆದರೂ ಭಯ ಇಳಿಯುವುದು ಚಿಕಿತ್ಸೆಯ ಒಂದು ಭಾಗವೇ ಎಂಬುದನ್ನು ವೈದ್ಯಶಾಸ್ತ್ರ ಪ್ರಯೋಗದಿಂದ ತಿಳಿಯಲು ಬಹುಕಾಲ ಹಿಡಿಯಿತು. ಆ ಭಯವನ್ನು ಏರಿಸುವ ಮತ್ತು ಇಳಿಸುವ ದಾರಿಗಳಲ್ಲೊಂದು ನಮ್ಮ ಚರ್ಮದ ಮೂಲಕ ಹಾದುಹೋಗುತ್ತದೆ. ಆ ದಾರಿಯನ್ನು ಯಾರು ಯಾರು, ಹೇಗೆ ಹೇಗೆ ಕಂಡುಹಿಡಿದರು ಎಂಬುದೇ ಇಲ್ಲಿಯ ವಿಷಯ.

ಮೊದಲು ನಾಟಕಶಾಸ್ತ್ರದಿಂದಲೇ ಆರಂಭಿಸೋಣ. ಭರತಮುನಿಯ ನಾಟ್ಯಶಾಸ್ತ್ರ ಎಂಟು ಸಾತ್ತ್ವಿಕ ಭಾವಗಳನ್ನು ಹೇಳುತ್ತದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ. ಕೈ ಎತ್ತು ಎಂದರೆ ನಟ ಎತ್ತಬಲ್ಲ. ಬೆವರು ಎಂದರೆ ಬೆವರಬಲ್ಲನೆ? ಮೈನವಿರೇಳುವುದು, ಮುಖ ಬಿಳಿಚಿಕೊಳ್ಳುವುದು, ಬೆವರೊಡೆಯುವುದು ನಮ್ಮ ಅಪ್ಪಣೆಗೆ ಕಾಯುವ ಕೆಲಸಗಳಲ್ಲ. ರೋಮಾಂಚಕ್ಕೆ ಕಾರಣಗಳೇನು ಎಂದು ಹೇಳುವಾಗ ಆ ಗ್ರಂಥ ಸ್ಪರ್ಶ, ಭಯ, ಚಳಿ, ಹರ್ಷ, ಕೋಪ, ರೋಗ ಇವುಗಳನ್ನು ಒಟ್ಟಿಗೆ ಎಣಿಸುತ್ತದೆ. ಸ್ಪರ್ಶವನ್ನೂ ಭಯವನ್ನೂ ಒಂದೇ ಸಾಲಿನಲ್ಲಿಟ್ಟ ಆ ಕಣ್ಣು ಬಹಳ ಸೂಕ್ಷ್ಮವಾದದ್ದು. ಮೈಗೆ ತಣ್ಣೀರು ತಗುಲಿದಾಗ, ಕತ್ತಲಲ್ಲಿ ಹಿಂದಿನಿಂದ ಯಾರೋ ಹೆಗಲು ಮುಟ್ಟಿದಾಗ, ರೇಡಿಯೋದಲ್ಲಿ ಒಳ್ಳೆಯ ಗಮಕವಾಚನ ಕೇಳಿದಾಗ, ಮೂರು ಸಂದರ್ಭಗಳಲ್ಲೂ ಮುಂಗೈಯ ರೋಮ ನಿಮಿರುವುದು ಒಂದೇ ರೀತಿ. ಹಾಗಾದರೆ ಅದನ್ನು ನಿಮಿರಿಸುವ ತಂತಿಯೂ ಒಂದೇ ಇರಬೇಕಷ್ಟೆ.

ಆ ತಂತಿಯೇ ಸಿಂಪಥೆಟಿಕ್ ನರವ್ಯೂಹ. ಕನ್ನಡದಲ್ಲಿ ಅನುವೇದಕ ನರವ್ಯೂಹ ಎನ್ನಬಹುದು. ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ ಮಣಿಸರದಂತೆ ಇಳಿದುಬರುವ ನರಗ್ರಂಥಿಗಳ ಸಾಲು ಅದು. ಶರೀರದ ಒಂದು ಅಂಗಕ್ಕೆ ನೋವಾದರೆ ಇನ್ನೊಂದು ಅಂಗ ಮರುಗುವುದು ಈ ನರಗಳ ಮೂಲಕವೇ ಎಂದು ಹಿಂದಿನವರು ಎಣಿಸಿದ್ದರು. ಆ ಭಾವನೆಯಿಂದಲೇ ಪ್ಯಾರಿಸ್ಸಿನ ಅಂಗರಚನಾಶಾಸ್ತ್ರಜ್ಞ ವಿನ್‌ಸ್ಲೋ ೧೭೩೨ರಲ್ಲಿ ಇವಕ್ಕೆ ಸಹಾನುಭೂತಿಯ ಹೆಸರಿಟ್ಟ. ಕಾರಣದ ವಿವರಣೆ ಹಳೆಯದಾಯಿತು, ಹೆಸರು ಉಳಿಯಿತು.

ಮುಂದೆ ಸುಮಾರು ನೂರಿಪ್ಪತ್ತು ವರ್ಷಗಳಾದ ಮೇಲೆ, ೧೮೫೧ರ ಸುಮಾರಿಗೆ, ಫ್ರಾನ್ಸಿನ ಕ್ಲಾಡ್ ಬರ್ನಾರ್ ಮೊಲದ ಕುತ್ತಿಗೆಯಲ್ಲಿ ಈ ನರವನ್ನು ಕತ್ತರಿಸಿ ನೋಡಿದ. ಆ ಪಕ್ಕದ ಕಿವಿ ಕೆಂಪಾಗಿ ಬೆಚ್ಚಗಾಯಿತು. ಎಂದರೆ, ಚರ್ಮದ ರಕ್ತನಾಳಗಳನ್ನು ಬಿಗಿಹಿಡಿದಿದ್ದುದು ಈ ನರ. ಹಿಡಿತ ತಪ್ಪಿದೊಡನೆ ನಾಳಗಳು ಹಿಗ್ಗಿ ರಕ್ತ ನುಗ್ಗಿತು. ೧೮೯೧ರಲ್ಲಿ ಇಂಗ್ಲೆಂಡಿನ ಲ್ಯಾಂಗ್ಲಿ ಮತ್ತು ಶೆರಿಂಗ್ಟನ್ ರೋಮವನ್ನು ನಿಮಿರಿಸುವ ನರಗಳ ಜಾಡನ್ನು ಹಿಡಿದರು. ಅವೂ ಇದೇ ವ್ಯೂಹಕ್ಕೆ ಸೇರಿದವು. ಅಮೆರಿಕದ ವಾಲ್ಟರ್ ಕ್ಯಾನನ್ ೧೯೧೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ಒಟ್ಟು ಉದ್ದೇಶವನ್ನು ಬಿಡಿಸಿ ಹೇಳಿದ. ಅಪಾಯ ಎದುರಾದಾಗ ಕಾದಾಡಲು ಅಥವಾ ಓಡಿಹೋಗಲು ಮೈಯನ್ನು ಸಜ್ಜುಗೊಳಿಸುವುದು ಇದರ ಕೆಲಸ. ಹೃದಯದ ಬಡಿತ ಏರುತ್ತದೆ, ರಕ್ತ ಚರ್ಮದಿಂದಲೂ ಜಠರದಿಂದಲೂ ಹಿಂದೆಗೆದು ಮಾಂಸಖಂಡಗಳ ಕಡೆಗೆ ಹರಿಯುತ್ತದೆ, ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳು ತಮ್ಮ ರಸವನ್ನು ರಕ್ತಕ್ಕೆ ಸುರಿಸುತ್ತವೆ, ಅಂಗೈ ಬೆವರುತ್ತದೆ. ಭರತನ ಪಟ್ಟಿಯ ಸ್ವೇದ, ರೋಮಾಂಚ, ವೈವರ್ಣ್ಯಗಳ ಮೂಲ ಇಲ್ಲಿದೆ.

ಇದು ಆಳಿನ ಕಥೆಯಾಯಿತು. ಆಳಿಗೆ ಸುದ್ದಿ ಮುಟ್ಟಿಸುವವರು ಯಾರು? ಕಣ್ಣು ಕಿವಿಗಳು ಮುಟ್ಟಿಸುತ್ತವೆ, ನಿಜ. ಆದರೆ ಎಲ್ಲಕ್ಕಿಂತ ವಿಸ್ತಾರವಾದ ಕಾವಲು ಚರ್ಮದ್ದು. ಇದನ್ನು ಸ್ಪಷ್ಟಪಡಿಸಿದ್ದು ಒಂದು ಸರಳವಾದ ಪ್ರಯೋಗ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬ್ರೌನ್-ಸೆಕಾರ್ ಮತ್ತು ತೊಲೋಜಾನ್ ಎಂಬಿಬ್ಬರು, ಒಂದು ಕೈಯನ್ನು ತಣ್ಣೀರಿನಲ್ಲಿ ಅದ್ದಿದರೆ ನೀರು ಸೋಕದ ಇನ್ನೊಂದು ಕೈಯ ಶಾಖವೂ ಇಳಿಯುವುದನ್ನು ತೋರಿಸಿದರು. ೧೯೩೨ರಲ್ಲಿ ಅಮೆರಿಕದ ಹೈನ್ಸ್ ಮತ್ತು ಬ್ರೌನ್ ಎಂಬ ವೈದ್ಯರು ಇದನ್ನೇ ಒಂದು ಪರೀಕ್ಷೆಯಾಗಿ ಮಾಡಿದರು: ಕೈಯನ್ನು ಒಂದು ನಿಮಿಷ ಹಿಮನೀರಿನಲ್ಲಿಟ್ಟರೆ ರಕ್ತದೊತ್ತಡ ಎಷ್ಟು ಏರುತ್ತದೆಂದು ಅಳೆಯುವ ಪರೀಕ್ಷೆ. ತಣ್ಣಗಾದುದು ಒಂದು ಅಂಗೈ. ಎದ್ದುನಿಂತುದು ಇಡೀ ಮೈ. ರಕ್ತದೊತ್ತಡವಿರುವ ಹಿರಿಯರು ಮಾಗಿಯ ಮುಂಜಾನೆ ತಣ್ಣೀರನ್ನು ಒಮ್ಮೆಲೆ ತಲೆಯ ಮೇಲೆ ಸುರಿದುಕೊಳ್ಳಬಾರದೆನ್ನುವುದು ಇದರಿಂದಲೇ.

ಇದರಲ್ಲಿ ಮನಸ್ಸಿನ ಪಾಲೆಷ್ಟು? ನೀರು ತಣ್ಣಗಿದೆ ಎಂದು ತಿಳಿದು ನಾವು ಬೆದರುವುದರಿಂದ ಹೀಗಾಗುತ್ತದೆಯೆ? ಅಲ್ಲ ಎಂಬುದಕ್ಕೆ ಬಲವಾದ ಸಾಕ್ಷಿ ಒದಗಿದ್ದು ಮೊದಲನೆಯ ಮಹಾಯುದ್ಧದ ಗಾಯಾಳುಗಳಿಂದ. ಬೆನ್ನುಹುರಿಗೆ ಗುಂಡು ತಗುಲಿ, ಅದರ ಕೆಳಗಿನ ಮೈಯಲ್ಲಿ ಸ್ಪರ್ಶಜ್ಞಾನವೇ ಇಲ್ಲದ ಸೈನಿಕರನ್ನು ಹೆನ್ರಿ ಹೆಡ್ ಮತ್ತು ಜಾರ್ಜ್ ರಿಡಾಕ್ ಎಂಬ ಬ್ರಿಟಿಷ್ ವೈದ್ಯರು ಪರೀಕ್ಷಿಸಿ, ೧೯೧೭ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ರೋಗಿಗೆ ಅರಿವಾಗದ ಒಂದು ಪ್ರಚೋದನೆ, ಕಾಲಿನ ಚರ್ಮದ ಮೇಲೋ ಮೂತ್ರಕೋಶದಲ್ಲೋ ಆದರೆ, ಮೇಲಿನ ಮೈ ಬೆವರಿನಿಂದ ತೊಯ್ದುಹೋಗುತ್ತಿತ್ತು. ಚರ್ಮದಿಂದ ಬಂದ ಸುದ್ದಿ ಮಿದುಳಿಗೆ ಮುಟ್ಟದಿದ್ದರೂ ಬೆನ್ನುಹುರಿಯಲ್ಲೇ ತಿರುಗಿ ಅನುವೇದಕ ನರಗಳಿಗೆ ಹತ್ತಿಕೊಳ್ಳುತ್ತದೆ ಎಂದಾಯಿತು. ಮಿದುಳು ಅದನ್ನು ತಡೆಹಿಡಿಯುವ ಯಜಮಾನ. ಯಜಮಾನನ ಮಾತು ಕೆಳಗೆ ತಲಪದಿದ್ದಾಗ ಆಳು ಮಿತಿಮೀರುತ್ತಾನೆ.

ಈ ವಿಷಯ ಶಿಕಾರಿಪುರ, ಸೊರಬಗಳ ಅಡಿಕೆ ತೋಟಗಳಿಗೂ ಹತ್ತಿರದ್ದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯಲೂ, ಮುಂದೆ ಕೊನೆ ಇಳಿಸಲೂ ಕೊನೆಗಾರರು ಮರವೇರಬೇಕು. ಜಾರಿಬಿದ್ದು ಬೆನ್ನುಹುರಿಗೆ ಪೆಟ್ಟಾದವರು ಮಲೆನಾಡಿನಲ್ಲಿ ಅಪರೂಪವಲ್ಲ. ಪೆಟ್ಟು ಎದೆಯ ನಡುಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಆಗಿದ್ದರೆ, ಎಷ್ಟೋ ದಿನಗಳಾದ ಮೇಲೂ ಒಂದು ಅಪಾಯ ಕಾದಿರುತ್ತದೆ. ಬಿಗಿಯಾಗಿ ಕಟ್ಟಿದ ಲುಂಗಿ, ಹಾಸಿಗೆಯಲ್ಲಿ ಒತ್ತುವ ಒಂದು ಮಡಿಕೆ, ಮಡಿಚಿಕೊಂಡ ಮೂತ್ರನಳಿಗೆ, ಇಷ್ಟೇ ಸಾಕು: ಅವನಿಗೆ ಏನೂ ತಿಳಿಯದು, ಆದರೆ ರಕ್ತದೊತ್ತಡ ಒಮ್ಮೆಗೇ ಪ್ರಾಣಾಪಾಯದ ಮಟ್ಟಕ್ಕೆ ಏರಬಹುದು. ತಲೆ ಸಿಡಿಯುವಂಥ ನೋವು, ಮುಖ ಕೆಂಪೇರುವುದು, ಮೇಲುಮೈಯ ಬೆವರು ಇದರ ಗುರುತು. ಅಂಥವರು ಮನೆಯಲ್ಲಿದ್ದರೆ, ಅವರನ್ನು ಮಲಗಿಸದೆ ನೆಟ್ಟಗೆ ಕೂರಿಸಿ, ಬಟ್ಟೆ ಸಡಿಲಿಸಿ, ನಳಿಗೆ ಕಟ್ಟಿದೆಯೇ ನೋಡಿ, ತಡಮಾಡದೆ ವೈದ್ಯರನ್ನು ಕರೆಯಬೇಕು. ತಲೆನೋವೆಂದು ಮಾತ್ರೆ ಕೊಟ್ಟು ಮಲಗಿಸುವುದು ತಪ್ಪು.

ಚರ್ಮವನ್ನು ಕಾವಲು ಎಂದೆವು. ಕಾವಲಿನವನ ಕಣ್ಣು ತಪ್ಪಿಸುವ ಕಳ್ಳರೂ ಇದ್ದಾರೆ. ಅವರಲ್ಲೊಬ್ಬ ಸೊರಬ ತಾಲ್ಲೂಕಿನ ಹೆಸರನ್ನು ಜಗತ್ತಿನ ವೈದ್ಯಗ್ರಂಥಗಳಿಗೆ ಸೇರಿಸಿದ. ೧೯೫೭ರಲ್ಲಿ ಆ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲಿನ ಹಳ್ಳಿಗಳ ಜನ ತೀವ್ರವಾದ ಜ್ವರದಿಂದ ಮಲಗಿದರು. ಹಳದಿ ಜ್ವರವೋ ಎಂಬ ಆತಂಕವೂ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿ, ಇದು ಉಣುಗಿನಿಂದ ಹರಡುವ ಹೊಸದೊಂದು ವೈರಸ್ ಎಂದು ಕಂಡುಕೊಂಡರು. ಕ್ಯಾಸನೂರು ಕಾಡಿನ ಕಾಯಿಲೆ ಎಂದು ಲೋಕದಲ್ಲಿ ಹೆಸರಾಯಿತು. ಜನರ ಬಾಯಲ್ಲಿ ಮಂಗನ ಕಾಯಿಲೆ. ಮೈಗೆ ಹತ್ತುವ ಮರಿ ಉಣುಗು ಬಹಳ ಸಣ್ಣದು. ಜೊತೆಗೆ ಉಣುಗಿನ ಜೊಲ್ಲಿನಲ್ಲಿ ನೋವನ್ನೂ ತುರಿಕೆಯನ್ನೂ ಮಂದಗೊಳಿಸುವ ವಸ್ತುಗಳಿರುತ್ತವೆ. ಸೊಳ್ಳೆ ಕಚ್ಚಿದರೆ ಕೈ ತಾನೇ ಏಳುತ್ತದೆ. ಉಣುಗು ಕಚ್ಚಿದರೆ ಚರ್ಮ ಸುದ್ದಿಯನ್ನೇ ಕಳಿಸದು, ಮೈ ಎಚ್ಚರಗೊಳ್ಳದು. ಆದುದರಿಂದಲೇ ಕಾಡಿಗೆ ದರಗಿಗೋ ಸೌದೆಗೋ ಹೋಗಿ ಬಂದವರು ಮೈಯ ಅರಿವನ್ನು ನಂಬದೆ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪಿನಿಂದ ಸ್ನಾನಮಾಡಿ, ಕಣ್ಣಿನಿಂದ ಮೈಯನ್ನು ಹುಡುಕಿ ನೋಡಬೇಕೆಂದು ಆರೋಗ್ಯ ಇಲಾಖೆಯವರು ಹೇಳುವುದು. ಹೋಗುವ ಮೊದಲು ಕೈಕಾಲುಗಳಿಗೆ ಡೇಪಾ ಎಣ್ಣೆ ಸವರಿಕೊಳ್ಳಿರೆನ್ನುವುದೂ ಇದೇ ಕಾರಣಕ್ಕೆ.

ಇಲ್ಲಿಯ ತನಕ ಹೇಳಿದ್ದೆಲ್ಲ ಮೈಯನ್ನು ಎಬ್ಬಿಸುವ ಸ್ಪರ್ಶದ ಕಥೆ. ಮಲಗಿಸುವ ಸ್ಪರ್ಶವೂ ಇದೆಯಲ್ಲ? ಅಳುವ ಮಗುವನ್ನು ಅಜ್ಜಿ ಎದೆಗೆ ಒರಗಿಸಿ ಬೆನ್ನು ಸವರುತ್ತಾಳೆ. ಮಗು ಬಿಕ್ಕುವುದನ್ನು ನಿಲ್ಲಿಸಿ ನಿದ್ದೆ ಹೋಗುತ್ತದೆ. ಇದನ್ನು ಅರಿಯದ ಮನೆಯಿಲ್ಲ. ನಮ್ಮ ಆಯುರ್ವೇದ ಇದನ್ನು ಶಾಸ್ತ್ರಕ್ಕೂ ತಂದಿತು: ಸ್ಪರ್ಶೇಂದ್ರಿಯದಲ್ಲಿ ವಾಯುವೇ ಪ್ರಧಾನ, ಆ ಇಂದ್ರಿಯದ ನೆಲೆ ಚರ್ಮ, ಚರ್ಮಕ್ಕೆ ಅತ್ಯುತ್ತಮವಾದದ್ದು ಅಭ್ಯಂಗ, ಆದ್ದರಿಂದ ಅದನ್ನು ರೂಢಿಮಾಡಿಕೊಳ್ಳಬೇಕು ಎಂದು ಚರಕಸಂಹಿತೆ ಹೇಳುತ್ತದೆ. ಚರಕನ ವಾಯುವೂ ಇಂದಿನವರ ನರವೂ ಒಂದೇ ಎಂದು ಸಾಧಿಸಹೊರಡುವುದು ಸಲ್ಲದು. ಚರ್ಮವನ್ನು ಹಿಡಿದರೆ ಒಳಗಿನ ಚಲನೆ ಹತೋಟಿಗೆ ಬರುತ್ತದೆ ಎಂಬ ಅನುಭವ ಮಾತ್ರ ಹಳೆಯದು.

ಪಶ್ಚಿಮದ ಪ್ರಯೋಗಶಾಲೆಗಳು ಬಹುಕಾಲ ನೋವು, ಚಳಿ, ಬೆದರಿಕೆಗಳನ್ನೇ ಅಳೆದವು. ಏರಿದ್ದನ್ನು ಅಳೆಯುವುದು ಸುಲಭ; ಇಳಿದದ್ದನ್ನು ಗುರುತಿಸುವುದು ಕಷ್ಟ. ಈ ಕೊರತೆಯನ್ನು ತುಂಬಿದವರಲ್ಲಿ ಜಪಾನಿನ ಅಕಿಯೋ ಸಾಟೋ ಮುಖ್ಯರು. ೧೯೮೪ರಲ್ಲಿ ಅವರೂ ಅವರ ಸಂಗಡಿಗರೂ ಪ್ರಕಟಿಸಿದ ಪ್ರಯೋಗ ಹೀಗಿದೆ. ಇಲಿಗಳಿಗೆ ಅರಿವಳಿಕೆ ಕೊಟ್ಟು, ಅಡ್ರಿನಲ್ ಗ್ರಂಥಿಗೆ ಹೋಗುವ ಅನುವೇದಕ ನರದ ಚಟುವಟಿಕೆಯನ್ನು ದಾಖಲಿಸಿದರು. ಚರ್ಮವನ್ನು ಜಿಗುಟಿದಾಗ ನರದ ಸದ್ದು ಏರಿತು, ಗ್ರಂಥಿಯ ರಸ ಹೆಚ್ಚಿತು. ಮೃದುವಾಗಿ ಕುಂಚದಿಂದ ಸವರಿದಾಗ ನರದ ಸದ್ದೂ ತಗ್ಗಿತು, ರಸವೂ ತಗ್ಗಿತು. ಪ್ರಾಣಿಗೆ ಪ್ರಜ್ಞೆಯಿರಲಿಲ್ಲ, ಪ್ರೀತಿಯೆಂದು ಅದು ತಿಳಿಯುವ ಪ್ರಶ್ನೆಯೂ ಇರಲಿಲ್ಲ. ಆದರೂ ಒಂದೇ ಚರ್ಮ, ಒಂದೇ ಗ್ರಂಥಿ, ಎರಡು ಬಗೆಯ ಸ್ಪರ್ಶಕ್ಕೆ ಎರಡು ಬಗೆಯ ಉತ್ತರ ಕೊಟ್ಟಿತು.

ಈ ಮೃದುಸ್ಪರ್ಶದ ಸುದ್ದಿಯನ್ನು ಒಯ್ಯುವ ನರ ಯಾವುದು? ಸ್ವೀಡನ್ನಿನ ಜೊಟರ್‌ಮನ್ ೧೯೩೯ರಲ್ಲೇ ಬೆಕ್ಕಿನ ಚರ್ಮದಲ್ಲಿ, ಮೆಲ್ಲನೆಯ ಸ್ಪರ್ಶಕ್ಕೆ ಮಿಡಿಯುವ ಅತಿ ಸಣ್ಣ ನರತಂತುಗಳನ್ನು ಕಂಡಿದ್ದ. ಮನುಷ್ಯರಲ್ಲಿ ಅವು ಇಲ್ಲವೇನೋ ಎಂಬ ಸಂದೇಹ ಬಹಳ ದಿನ ಉಳಿಯಿತು. ೧೯೯೦ರ ದಶಕದಲ್ಲಿ ಅದೇ ದೇಶದ ವಾಲ್ಬೋ ಮತ್ತು ಸಂಗಡಿಗರು ಮನುಷ್ಯರ ಮುಂಗೈಯ ರೋಮವಿರುವ ಚರ್ಮದಲ್ಲಿ ಅವನ್ನು ವಿವರವಾಗಿ ಗುರುತಿಸಿದರು. ಸೂಜಿ ಚುಚ್ಚಿತು, ನೊಣ ಕೂತಿತು ಎಂಬ ಸುದ್ದಿಯನ್ನು ಓಟಗಾರ ನರಗಳು ಮಿಂಚಿನಂತೆ ಒಯ್ಯುತ್ತವೆ. ಈ ಸಣ್ಣ ತಂತುಗಳದು ನಡಿಗೆಯ ವೇಗ, ಸೆಕೆಂಡಿಗೆ ಸುಮಾರು ಒಂದು ಮೀಟರು. ಸವರುವ ಕೈ ಸೆಕೆಂಡಿಗೆ ೧ರಿಂದ ೧೦ ಸೆಂಟಿಮೀಟರಿನ ವೇಗದಲ್ಲಿ ಸರಿದಾಗ ಇವು ಹೆಚ್ಚಾಗಿ ಮಿಡಿಯುತ್ತವೆ. ಅದಕ್ಕಿಂತ ವೇಗವಾದರೂ ಕಡಿಮೆ, ನಿಧಾನವಾದರೂ ಕಡಿಮೆ. ಕೈ ಮನುಷ್ಯರ ಮೈಯಷ್ಟೇ ಬೆಚ್ಚಗಿದ್ದರೆ ಇನ್ನೂ ಚೆನ್ನು. ಅಜ್ಜಿಯ ಕೈಯ ಲೆಕ್ಕ ಇದೇ ಆಗಿತ್ತು, ಗಡಿಯಾರವಿಲ್ಲದೆ.

ಈ ಜ್ಞಾನದಿಂದ ಪ್ರಾಣ ಉಳಿಯುವುದೆ? ಉಳಿಯುತ್ತದೆ, ಅದೂ ಅತಿ ಚಿಕ್ಕ ಪ್ರಾಣಗಳು. ದಿನ ತುಂಬದೆ, ತೂಕವಿಲ್ಲದೆ ಹುಟ್ಟಿದ ಮಗುವನ್ನು ತಾಯಿಯಿಂದ ಬೇರ್ಪಡಿಸಿ ಗಾಜಿನ ಪೆಟ್ಟಿಗೆಯಲ್ಲಿಡುವುದು ಇಪ್ಪತ್ತನೆಯ ಶತಮಾನದ ಆಸ್ಪತ್ರೆಗಳ ಕ್ರಮವಾಗಿತ್ತು. ೧೯೭೦ರ ದಶಕದ ಕೊನೆಯಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯ ದೇಶದ ರಾಜಧಾನಿ ಬೊಗೊಟಾದಲ್ಲಿ, ಪೆಟ್ಟಿಗೆಗಳು ಸಾಲದೆ ಒಂದೊಂದರಲ್ಲಿ ಹಲವು ಮಕ್ಕಳನ್ನಿಡುವ ಸ್ಥಿತಿ ಬಂದಿತ್ತು. ಎಡ್ಗರ್ ರೇ ಎಂಬ ಮಕ್ಕಳ ವೈದ್ಯರು ಬೇರೊಂದು ದಾರಿ ಹಿಡಿದರು. ಮಗುವಿನ ಬಟ್ಟೆ ತೆಗೆದು ತಾಯಿಯ ಬರಿಯೆದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವಂತೆ, ನೆಟ್ಟಗೆ ಮಲಗಿಸಿ ಬಟ್ಟೆಯಿಂದ ಕಟ್ಟಿದರು. ಚೀಲದಲ್ಲಿ ಮರಿಯನ್ನು ಹೊರುವ ಪ್ರಾಣಿಯ ನೆನಪಿನಿಂದ ಅದಕ್ಕೆ ಕಾಂಗರೂ ಆರೈಕೆ ಎಂಬ ಹೆಸರು ಬಂತು.

ಬಡದೇಶದ ಬಡ ಉಪಾಯವೆಂದು ಮೊದಮೊದಲು ಕೆಲವರು ಭಾವಿಸಿದರು. ೨೦೨೧ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆ ಆ ಭಾವನೆಯನ್ನು ಬದಲಾಯಿಸಿತು. ಆಫ್ರಿಕದ ನಾಲ್ಕು ದೇಶಗಳ ಆಸ್ಪತ್ರೆಗಳೊಂದಿಗೆ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಅದರಲ್ಲಿ ಸೇರಿತ್ತು. ೧ ಕಿಲೋದಿಂದ ೧.೮ ಕಿಲೋದೊಳಗೆ ತೂಗುತ್ತಿದ್ದ ೩,೨೧೧ ಮಕ್ಕಳ ಪೈಕಿ ಅರ್ಧದಷ್ಟು ಮಕ್ಕಳನ್ನು, ಸ್ಥಿತಿ ಸುಧಾರಿಸಲೆಂದು ಕಾಯದೆ, ಹುಟ್ಟಿದ ಕೂಡಲೇ ತಾಯಿಯ ಅಥವಾ ಆಕೆಯ ಬದಲಿಗೆ ಬಂದವರ ಎದೆಗೆ ಕೊಟ್ಟರು. ಉಳಿದವರಿಗೆ ರೂಢಿಯ ಆರೈಕೆ. ಮೊದಲ ೨೮ ದಿನಗಳಲ್ಲಿ ರೂಢಿಯ ಆರೈಕೆಯಲ್ಲಿದ್ದವರ ಪೈಕಿ ನೂರಕ್ಕೆ ೧೫.೭ ಮಕ್ಕಳು ತೀರಿಕೊಂಡರೆ, ಎದೆಯ ಮೇಲಿದ್ದವರ ಪೈಕಿ ನೂರಕ್ಕೆ ೧೨. ಕಡಿಮೆಯಾದ ಆ ಮೂರು ನಾಲ್ಕು ಸಾವು ನೂರು ಮನೆಗಳಲ್ಲಿ ಮೂರು ನಾಲ್ಕು ತೊಟ್ಟಿಲು. ಅದಕ್ಕೂ ಮುಂಚೆಯೇ ನಮ್ಮ ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರದವರೂ ಬೆಂಗಳೂರಿನ ಸಂತ ಜಾನ್ಸ್ ಸಂಶೋಧನಾ ಸಂಸ್ಥೆಯವರೂ ಕೂಡಿ, ಈ ಆರೈಕೆಯನ್ನು ಆಸ್ಪತ್ರೆಯಿಂದ ಹಳ್ಳಿಯ ಮನೆಯವರೆಗೆ ಒಯ್ಯುವ ಕೆಲಸ ಮಾಡಿದ್ದರು.

ಈ ಫಲವೆಲ್ಲ ಸ್ಪರ್ಶವೊಂದರದೇ ಎನ್ನಲಾಗದು. ತಾಯಿಯ ಮೈಯ ಶಾಖ, ಎದೆಹಾಲು ಬೇಗ ದೊರೆಯುವುದು, ಸೋಂಕು ಕಡಿಮೆಯಾಗುವುದು, ಎಲ್ಲವೂ ಅದರಲ್ಲಿ ಸೇರಿವೆ. ಆದರೆ ಹೀಗೆ ಮಲಗಿದ ಮಗುವಿನ ಉಸಿರೂ ಹೃದಯದ ಬಡಿತವೂ ನೆಮ್ಮದಿಗೆ ಬರುವುದನ್ನು ವೈದ್ಯರು ಕಂಡಿದ್ದಾರೆ. ಹೆದರಿದ ಮೈ ತನ್ನ ಶಕ್ತಿಯನ್ನು ಓಟಕ್ಕೆ ಸಜ್ಜಾಗುವುದರಲ್ಲೇ ಸುಡುತ್ತದೆ. ಒಂದೂವರೆ ಕಿಲೋ ತೂಕದ ಮಗುವಿಗೆ ಹಾಗೆ ಸುಡಲು ಎಷ್ಟು ಶಕ್ತಿಯಿದ್ದೀತು? ಅಭಯ ಕೊಟ್ಟರೆ ಆ ಶಕ್ತಿ ಬೆಳೆಯುವುದಕ್ಕೆ ಉಳಿಯುತ್ತದೆ.

ಎಲ್ಲ ಸ್ಪರ್ಶವೂ ಅಭಯವಲ್ಲ ಎಂಬುದನ್ನೂ ಹೇಳಬೇಕು. ಅಪರಿಚಿತ ಕೈ, ಒಪ್ಪದ ಕೈ, ಅವಸರದ ಕೈ ಎಷ್ಟೇ ಮೃದುವಾಗಿದ್ದರೂ ಮೈಯನ್ನು ಎಬ್ಬಿಸುತ್ತದೆ. ಏಕೆಂದರೆ ಚರ್ಮದ ಸುದ್ದಿಗೆ ಮಿದುಳು ತನ್ನ ಅರ್ಥವನ್ನೂ ಸೇರಿಸುತ್ತದೆ. ಹಾಗೆಯೇ ಸ್ಪರ್ಶವನ್ನು ನಿರಾಕರಿಸುವುದೂ ಒಂದು ಪೆಟ್ಟು. ಮುಟ್ಟಬಾರದೆಂಬ ಕಟ್ಟಳೆಯಿಂದ ಮನುಷ್ಯರನ್ನು ದೂರವಿಟ್ಟ ನಾಡು ನಮ್ಮದು; ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೭ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಕುಷ್ಠ, ಕ್ಷಯ ಎಂದೊಡನೆ ರೋಗಿಯನ್ನು ಮೂಲೆಗೆ ಸರಿಸುವ ಮನೆಗಳು ಔಷಧ ಬಂದ ಮೇಲೂ ಇವೆ. ರೋಗಿಗೆ ಔಷಧ ಬೇಕು, ವೈದ್ಯರು ಹೇಳಿದ ಎಚ್ಚರಿಕೆಯೂ ಬೇಕು. ಆ ಎಚ್ಚರಿಕೆಯನ್ನು ಮೀರಿದ ದೂರ ಬೇಡ.

ಆದುದರಿಂದ ಕೆಲವು ಸಣ್ಣ ಮಾತುಗಳು. ನಿಮ್ಮ ಮನೆಯಲ್ಲಿ ತೂಕ ಕಡಿಮೆಯ ಮಗು ಹುಟ್ಟಿದರೆ, ಎಣ್ಣೆಯೊತ್ತಿ ಎರೆಯುವ ಆತುರ ಬೇಡ. ತಾಯಿಯ ಎದೆಗೆ ಕೊಡಬಹುದೇ ಎಂದು ಆಸ್ಪತ್ರೆಯಲ್ಲಿ ಕೇಳಿ. ತಾಯಿ ದಣಿದಿದ್ದರೆ ತಂದೆಯ ಎದೆಯೂ ಆದೀತು, ಅಜ್ಜಿಯದೂ ಆದೀತು. ಹಾಸಿಗೆ ಹಿಡಿದ ಹಿರಿಯರ ಮೈಯೊರೆಸುವಾಗ ನಿಮ್ಮ ಕೈಯನ್ನು ಮೊದಲು ಬೆಚ್ಚಗೆ ಮಾಡಿಕೊಳ್ಳಿ. ಕಣ್ಣು ಕಾಣದವರನ್ನೂ ನಿದ್ದೆಯಲ್ಲಿರುವವರನ್ನೂ ಮುಟ್ಟುವ ಮುನ್ನ ಹೆಸರು ಹಿಡಿದು ಒಮ್ಮೆ ಕರೆಯಿರಿ. ಕೆಲಸ ಮುಗಿದ ಮೇಲೆ ಕೈಯನ್ನು ಒಡನೆ ಹಿಂದೆಗೆಯದೆ, ಅವರ ಮುಂಗೈಯ ಮೇಲೆ ಒಂದು ಗಳಿಗೆ ಇಟ್ಟಿರಿ.